ಸಜ್ಜೆ ಹಿಟ್ಟು ದೂರದಿಂದ ಬರುವುದು ಬೇಡ, ಊರಲ್ಲೇ ಬೀಸಲಿ

ಸಂಪಾದಕರಿಗೆ ನಮಸ್ಕಾರ.

ಮಕ್ಕಳ ಅಪೌಷ್ಟಿಕತೆಯ ಸುದ್ದಿ ಬಂದಾಗಲೆಲ್ಲ ನಮ್ಮ ಯಾದಗಿರಿಯ ಹೆಸರು ಇದ್ದೇ ಇರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ನಮ್ಮ ಜಿಲ್ಲೆಯಲ್ಲಿ ಇದು ಅರ್ಧಕ್ಕಿಂತ ಜಾಸ್ತಿ. ರಕ್ತ ಕಡಿಮೆ ಇರುವ ಮಕ್ಕಳು ರಾಜ್ಯದಲ್ಲಿ ಶೇ 65.5. ಹಿಂದಿನ ಸಮೀಕ್ಷೆಯಲ್ಲಿ ಶೇ 60.9 ಇತ್ತು. ಅಂದರೆ ಇಳಿದಿಲ್ಲ, ಏರಿದೆ. ಈ ವಿಷಯದಲ್ಲಿ ನನಗೆ ಹೇಳಬೇಕಾದದ್ದು ಒಂದಿದೆ. ಅದು ಸಜ್ಜೆಯ ಮಾತು.

ನಾನು ಸುರಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ಯಾವ ಮನೆಯಲ್ಲಿ ಏನು ಉಣ್ಣುತ್ತಾರೆ ಅನ್ನುವುದು ಗಿರಣಿಗೆ ಬರುವ ಚೀಲ ನೋಡಿದರೆ ಗೊತ್ತಾಗುತ್ತದೆ. ನಾನು ಮದುವೆಯಾಗಿ ಬಂದಾಗ ಚಳಿಗಾಲದಲ್ಲಿ ಸಜ್ಜೆ ಬೀಸಿಸುವವರ ಸಾಲು ಬಾಗಿಲ ಹೊರಗಿನವರೆಗೆ ಇರುತ್ತಿತ್ತು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಕಡೆಯೆಲ್ಲ ಭತ್ತ, ಹತ್ತಿ ಬಂತು. ಸಜ್ಜೆ ಹೊಲ ಕಮ್ಮಿಯಾಯಿತು. ರೇಷನ್ ಅಕ್ಕಿ ಬಂದ ಮೇಲೆ ಬಡವರ ಮನೆಯಲ್ಲಿ ಎರಡು ಹೊತ್ತೂ ಅನ್ನ. ಹೊಟ್ಟೆ ತುಂಬುತ್ತದೆ, ಅದು ದೊಡ್ಡ ಉಪಕಾರವೇ. ಆದರೆ ಮಕ್ಕಳು ಬೆಳಿಗ್ಗೆ ಚಹಾ-ಬಿಸ್ಕತ್ತು, ಮಧ್ಯಾಹ್ನ, ರಾತ್ರಿ ಅನ್ನ-ತಿಳಿಸಾರು ಉಂಡು ಬೆಳೆಯುತ್ತಿದ್ದಾರೆ. ಈಗ ಸಜ್ಜೆ ಚೀಲ ಬರುವುದು ಎಳ್ಳ ಅಮಾವಾಸ್ಯೆ ಹತ್ತಿರ ಬಂದಾಗ. ಭಜ್ಜಿ ಪಲ್ಯದ ಜೊತೆ ಸಜ್ಜೆ ರೊಟ್ಟಿ ಆಗಲೇಬೇಕಲ್ಲ!

ನನ್ನ ಮಗಳು ಭೀಮರಾಯನಗುಡಿ ಕೃಷಿ ಕಾಲೇಜಿನಲ್ಲಿ ಓದುತ್ತಾಳೆ. ಸಜ್ಜೆ ಮತ್ತು ಮಕ್ಕಳ ರಕ್ತದ ಬಗ್ಗೆ ನಡೆದ ಸಂಶೋಧನೆಗಳನ್ನು ಅವಳು ನನಗೆ ಓದಿ ಹೇಳಿದಳು. ಕೇಳಿದಾಗಿನಿಂದ ಸುಮ್ನೆ ಕೂರಲು ಆಗುತ್ತಿಲ್ಲ.

ಹೈದರಾಬಾದಿನ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯವರು ಮಹಾರಾಷ್ಟ್ರದ ಕೃಷಿ ವಿಶ್ವವಿದ್ಯಾಲಯದ ಜೊತೆ ಸೇರಿ ‘ಧನಶಕ್ತಿ’ ಎಂಬ ಸಜ್ಜೆ ತಳಿ ಕೊಟ್ಟಿದ್ದಾರೆ. ಅದರಲ್ಲಿ ಕಬ್ಬಿಣದ ಅಂಶ ಜಾಸ್ತಿ, ಕಿಲೋಗೆ ಸುಮಾರು 70 ಮಿಲಿಗ್ರಾಂ. ಅದು ಹೈಬ್ರಿಡ್ ಅಲ್ಲ, ಹಾಗಾಗಿ ರೈತರು ಬೀಜ ಎತ್ತಿಟ್ಟುಕೊಳ್ಳಬಹುದು. ಮಹಾರಾಷ್ಟ್ರದಲ್ಲಿ 12ರಿಂದ 16 ವರ್ಷದ 246 ಶಾಲಾ ಮಕ್ಕಳಿಗೆ ದಿನಕ್ಕೆ ಎರಡು ಹೊತ್ತು ರೊಟ್ಟಿ ಕೊಟ್ಟು ನೋಡಿದರು. ಕೆಲವರಿಗೆ ಇಂಥ ಕಬ್ಬಿಣ ಜಾಸ್ತಿ ಇರುವ ಸಜ್ಜೆಯದು, ಕೆಲವರಿಗೆ ಸಾಮಾನ್ಯ ಸಜ್ಜೆಯದು. ಆರು ತಿಂಗಳ ಹೊತ್ತಿಗೆ, ಮೊದಲು ಕಬ್ಬಿಣದ ಕೊರತೆ ಇದ್ದ ಮಕ್ಕಳಲ್ಲಿ ಆ ಕೊರತೆ ನೀಗುವ ಸಾಧ್ಯತೆ ಹೊಸ ಸಜ್ಜೆ ತಿಂದವರಿಗೆ ಒಂದೂವರೆ ಪಟ್ಟಿಗಿಂತ ಜಾಸ್ತಿ ಇತ್ತು. ಇದು 2015ರಲ್ಲಿ ಪ್ರಕಟವಾಗಿದೆ. ಅದಕ್ಕೂ ಮೊದಲು, 2013ರಲ್ಲಿ ನಮ್ಮದೇ ರಾಜ್ಯದ ಬೆಳಗಾವಿಯಲ್ಲಿ ಎರಡು ವರ್ಷದ ಮಕ್ಕಳ ಮೇಲೆ ನಡೆದ ಅಧ್ಯಯನ ಪ್ರಕಟವಾಗಿತ್ತು. ಆ ಮಕ್ಕಳಿಗೆ ಸಜ್ಜೆಯ ಶಿರಾ, ಉಪ್ಪಿಟ್ಟು, ರೊಟ್ಟಿ ಕೊಟ್ಟಿದ್ದರು. ಕಬ್ಬಿಣ ಜಾಸ್ತಿ ಇರುವ ಸಜ್ಜೆ ತಿಂದವರಿಗೆ, ಸಾಮಾನ್ಯ ಸಜ್ಜೆ ತಿಂದವರಿಗಿಂತ ಸುಮಾರು ಮೂರು ಪಟ್ಟು ಕಬ್ಬಿಣ ಮೈಗೆ ಹತ್ತಿತ್ತು.

ಎಲ್ಲ ಕಡೆಯೂ ಹೀಗೇ ಆಗಿದೆ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಮುಂಬೈ ಕೊಳೆಗೇರಿಗಳ ಒಂದು-ಒಂದೂವರೆ ವರ್ಷದ ಕೂಸುಗಳಿಗೆ ಇದೇ ಥರದ ಸಜ್ಜೆಯ ಆಹಾರ ಕೊಟ್ಟಾಗ ಒಟ್ಟಾರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಮಕ್ಕಳ ವಯಸ್ಸು, ಜೊತೆಗೆ ತಿನ್ನುವ ಪದಾರ್ಥ, ಹೊಟ್ಟೆಯ ಕಾಯಿಲೆ, ಎಲ್ಲದರಿಂದಲೂ ಫಲಿತಾಂಶ ಬದಲಾಗಬಹುದು. ಅದಕ್ಕೇ ನಾನು ಹೇಳುವುದು, ಇದನ್ನು ನಮ್ಮ ಮಕ್ಕಳ ತಟ್ಟೆಯಲ್ಲೇ ನೋಡಬೇಕು ಎಂದು. ಮೊಟ್ಟೆಯ ವಿಷಯದಲ್ಲಿ ಹಾಗೆ ನೋಡಿದ್ದಕ್ಕೇ ಅಲ್ವಾ ಮಾತಿಗೆ ಬಲ ಬಂದದ್ದು? 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದಲ್ಲಿ ಮೊಟ್ಟೆ ಶುರುವಾದಾಗ ಎಷ್ಟು ಗದ್ದಲವಾಯಿತು! ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ತಿಂದ ಯಾದಗಿರಿ ಮಕ್ಕಳನ್ನೂ ಮೊಟ್ಟೆ ಸಿಗದ ಗದಗ ಜಿಲ್ಲೆಯ ಮಕ್ಕಳನ್ನೂ ತೂಗಿ ನೋಡಿದರು. ಎಂಟನೇ ತರಗತಿಯ ನಮ್ಮ ಹುಡುಗಿಯರ ತೂಕ ಅಲ್ಲಿಯವರಿಗಿಂತ ಶೇ 71ರಷ್ಟು ಜಾಸ್ತಿ ಏರಿತ್ತು. ಮುಂದೆ ಮೊಟ್ಟೆ ಇಡೀ ರಾಜ್ಯಕ್ಕೆ ಬಂತು. 2024ರಲ್ಲಿ ವಾರಕ್ಕೆ ಆರು ದಿನವಾಯಿತು. ನಮ್ಮ ಮಕ್ಕಳ ತೂಕದ ಲೆಕ್ಕ ಇಡೀ ರಾಜ್ಯದ ಮಕ್ಕಳಿಗೆ ಉಪಯೋಗಕ್ಕೆ ಬಂತು ಅನ್ನುವುದು ನನಗೆ ಹೆಮ್ಮೆ.

ಸಾರವರ್ಧಿತ ಅಕ್ಕಿ ಬೇಡ ಎಂದು ನಾನು ಹೇಳುತ್ತಿಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಕಲಸಿ, ಅಕ್ಕಿ ಕಾಳಿನ ಆಕಾರಕ್ಕೆ ಒತ್ತಿ, ನೂರು ಕಾಳಿಗೆ ಒಂದರಂತೆ ಬೆರೆಸುತ್ತಾರೆ. ಅದು ಬಂದಾಗ ನಮ್ಮೂರಲ್ಲಿ ಪ್ಲಾಸ್ಟಿಕ್ ಅಕ್ಕಿ ಎಂದು ಹೆಂಗಸರು ಒಂದೊಂದೇ ಕಾಳು ಆರಿಸಿ ಕೋಳಿಗೆ ಹಾಕಿದರು. ತೊಳೆಯುವಾಗ ನೀರಿನ ಮೇಲೆ ತೇಲಿತು ಎಂದು ಚೆಲ್ಲಿದರು. ಮೊದಲೇ ಯಾರಾದರೂ ಬಂದು ಕೂತು ಹೇಳಿದ್ದರೆ ಹೀಗಾಗುತ್ತಿರಲಿಲ್ಲ. ಸಜ್ಜೆಗೆ ಆ ತೊಂದರೆ ಇಲ್ಲ. ಅದನ್ನು ನೋಡಿ ಹೆದರುವ ಅಜ್ಜಿ ನಮ್ಮ ಕಡೆ ಯಾರೂ ಇಲ್ಲ.

ಆದರೆ ಸಜ್ಜೆಗೆ ಬೇರೆ ಒಂದು ತೊಂದರೆ ಇದೆ. ನಾನು ಈ ಪತ್ರ ಬರೆಯುತ್ತಿರುವುದೇ ಅದಕ್ಕಾಗಿ. ಸಜ್ಜೆ ಹಿಟ್ಟು ಬಾಳಿಕೆ ಬರುವುದಿಲ್ಲ. ಜೋಳದ ಹಿಟ್ಟಿನ ಹಾಗೆ ಡಬ್ಬಿಯಲ್ಲಿ ತುಂಬಿ ಇಟ್ಟರೆ ಬೇಸಿಗೆಯಲ್ಲಿ ವಾರ ತುಂಬುವುದರೊಳಗೆ ಕಹಿ ಹತ್ತುತ್ತದೆ. ನಮ್ಮ ಹೆಂಗಸರಿಗೆ ಇದು ಗೊತ್ತು. ಅದಕ್ಕೇ ಸಜ್ಜೆಯನ್ನು ಒಂದೆರಡು ಸೇರಿಗಿಂತ ಜಾಸ್ತಿ ಬೀಸಿಸುವುದಿಲ್ಲ. ಕಾರಣ ಮಗಳು ಹೇಳಿದಳು. ಸಜ್ಜೆಯಲ್ಲಿ ಎಣ್ಣೆ ಅಂಶ ಜಾಸ್ತಿ, ನೂರಕ್ಕೆ ಐದರಷ್ಟು. ಕಾಳು ಇಡಿಯಾಗಿದ್ದಾಗ ಏನೂ ಆಗುವುದಿಲ್ಲ. ಬೀಸಿದ ಕೂಡಲೇ ಕಾಳಿನೊಳಗಿನ ಲೈಪೇಸ್ ಎಂಬ ಕಿಣ್ವ ಆ ಎಣ್ಣೆಯನ್ನು ಒಡೆಯಲು ಶುರು ಮಾಡುತ್ತದೆ. ಕಾಳನ್ನು ಕುದಿಯುವ ನೀರಿನಲ್ಲಿ ಅರೆ ನಿಮಿಷ ಅದ್ದಿ ಒಣಗಿಸಿದರೆ, ಇಲ್ಲವೇ ಚೆನ್ನಾಗಿ ಬಿಸಿ ಮಾಡಿ ಬೀಸಿದರೆ ಹಿಟ್ಟು ಹೆಚ್ಚು ದಿನ ತಾಳುತ್ತದಂತೆ.

ಒಮ್ಮೆ ಪಕ್ಕದ ಊರಿನ ತಾಯಿಯೊಬ್ಬಳು ಅಂಗನವಾಡಿಯಿಂದ ಕೊಟ್ಟ ಸಿರಿಧಾನ್ಯದ ಪುಡಿಯ ಪೊಟ್ಟಣ ಹಿಡಿದು ನನ್ನಲ್ಲಿಗೆ ಬಂದಿದ್ದಳು. “ಯಕ್ಕಾ, ಇದು ಹಿಂಗ್ಯಾಕ ವಾಸನಿ ಬರಾಕತ್ಯಾದ ನೋಡ್ರಿ. ಕೂಸು ಬಾಯಾಗ ಇಟ್ರ ಉಗುಳ್ತದ” ಎಂದಳು. ಅಂಗೈ ಮೇಲೆ ಸ್ವಲ್ಪ ಹಾಕಿ ಹೆಬ್ಬೆರಳಿನಿಂದ ತಿಕ್ಕಿದೆ. ಹಳೇ ಎಣ್ಣೆಯ ಕಮಟು ವಾಸನೆ. ನಾಲಿಗೆಗೆ ಹಚ್ಚಿದರೆ ಗಂಟಲವರೆಗೆ ಕಹಿ. ಪೊಟ್ಟಣದ ಮೇಲಿನ ತಾರೀಖು ಇನ್ನೂ ಮುಗಿದಿರಲಿಲ್ಲ. ಎಲ್ಲಿ ತಯಾರಾಯಿತೋ, ಯಾವ ಗೋದಾಮಿನ ಬಿಸಿಲಲ್ಲಿ ಕೂತಿತ್ತೋ. ಆ ಪುಡಿ ಕೊನೆಗೆ ಎಮ್ಮೆಯ ಪಾಲಾಯಿತು. ಪುಡಿ ಕಳಿಸಿದ ಕಡೆ ಅದು ಕೂಸಿನ ಹೊಟ್ಟೆಗೆ ಹೋಗಿದೆ ಎಂದೇ ಲೆಕ್ಕ ಇರುತ್ತದೆ. ಇದು ನನಗೆ ಬಹಳ ಸಂಕಟ ಕೊಟ್ಟ ವಿಷಯ. ಒಳ್ಳೆಯ ಕಾಳು, ಒಳ್ಳೆಯ ಯೋಜನೆ, ಕೂಸಿಗೆ ಮಾತ್ರ ಏನೂ ಸಿಗಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಸಜ್ಜೆಯನ್ನು ಮಕ್ಕಳಿಗೆ ಕೊಡುವುದಾದರೆ ಹಿಟ್ಟಾಗಿ ಕಳಿಸಬೇಡಿ, ಕಾಳಾಗಿ ಕಳಿಸಿ. ಇಡೀ ಕಾಳು ತಿಂಗಳುಗಟ್ಟಲೆ ಕೆಡುವುದಿಲ್ಲ. ವಾರಕ್ಕೆ ಬೇಕಾದಷ್ಟನ್ನು ಅಂಗನವಾಡಿಯವರು ಊರಿನ ಗಿರಣಿಯಲ್ಲಿ ಬೀಸಿಸಲಿ. ಬೀಸುವ ಕೂಲಿಯನ್ನು ಪಂಚಾಯಿತಿಯಿಂದಲೋ ಇಲಾಖೆಯಿಂದಲೋ ಕೊಡಲಿ. ಹಿಟ್ಟನ್ನು ತೀರಾ ಸಾಣಿಸಿ ತೌಡು ತೆಗೆಯಬಾರದು, ಕಬ್ಬಿಣದ ಒಂದಷ್ಟು ಪಾಲು ಅದರ ಜೊತೆಗೇ ಹೋಗುತ್ತದೆ.

ಬಿಸಿಯೂಟದ ಅಕ್ಕಂದಿರು ಒಂದು ಮಾತು ಹೇಳುತ್ತಾರೆ. ನೂರಾರು ಮಕ್ಕಳಿಗೆ ರೊಟ್ಟಿ ಬಡಿಯುವುದು ಇಬ್ಬರು ಮೂವರಿಂದ ಆಗದ ಕೆಲಸ ಎಂದು. ಅದು ನಿಜ, ಅವರ ಮೇಲೆ ಈ ಹೊರೆ ಹಾಕಬಾರದು. ಆದರೆ ಕಲಬುರಗಿಯಲ್ಲಿ ಸ್ವಸಹಾಯ ಸಂಘದ ಹೆಂಗಸರು ‘ಕಲಬುರಗಿ ರೊಟ್ಟಿ’ ಎಂಬ ಹೆಸರಲ್ಲಿ ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದಾರೆ, ಜಿಲ್ಲಾಡಳಿತವೇ ಬೆನ್ನಿಗೆ ನಿಂತಿದೆ. ಬೇಯಿಸಿ ಒಣಗಿಸಿದ ಖಡಕ್ ರೊಟ್ಟಿ ಹಿಟ್ಟಿಗಿಂತ ಎಷ್ಟೋ ದಿನ ಬಾಳುತ್ತದೆ. ಅದೇ ಕೈಗಳಿಗೆ ವಾರಕ್ಕೆರಡು ದಿನದ ಸಜ್ಜೆ ರೊಟ್ಟಿಯ ಕೆಲಸವನ್ನೂ ಕೊಡಬಹುದು. ಅಂಗನವಾಡಿಯ ಸಣ್ಣ ಮಕ್ಕಳಿಗೆ ರೊಟ್ಟಿ ಗಟ್ಟಿಯಾಗುತ್ತದೆ. ಅವರಿಗೆ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದ ಹಿಟ್ಟಿನ ಗಂಜಿ ಇಲ್ಲವೇ ಬೆಲ್ಲ, ಶೇಂಗಾ ಹಾಕಿದ ಉಂಡೆ ಒಳ್ಳೆಯದು. ಸಜ್ಜೆಯಲ್ಲಿ ಕಬ್ಬಿಣ ಮೈಗೆ ಹತ್ತದಂತೆ ತಡೆಯುವ ಫೈಟೇಟ್ ಎಂಬ ಅಂಶವೂ ಇದೆ. ಮೊಳಕೆ ಬರಿಸಿದರೆ ಅದು ಕಮ್ಮಿಯಾಗುತ್ತದೆ. ಊಟದ ಜೊತೆ ನಿಂಬೆಹಣ್ಣು, ಪುಂಡಿಪಲ್ಯದಂಥ ಹುಳಿ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಊಟದ ಹಿಂದೆಯೇ ಚಹಾ ಕುಡಿಸಿದರೆ ತಿಂದದ್ದರ ಲಾಭ ಹೋಯಿತು. ಮಕ್ಕಳಿಗೆ ಚಹಾ ಕೊಡುವುದನ್ನು ಬಿಡಿಸುವ ಕೆಲಸ ಬೇರೆಯೇ ಇದೆ, ಅದು ನಮ್ಮ ನಮ್ಮ ಮನೆಯಲ್ಲಿ ಆಗಬೇಕು.

ರಾಯಚೂರು ಕೃಷಿ ವಿಶ್ವವಿದ್ಯಾಲಯ, ಯಾದಗಿರಿ, ಕಲಬುರಗಿ, ಬೀದರಿನ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಕೂಡಿ ಮೂರೂ ಜಿಲ್ಲೆಗಳಲ್ಲಿ ಒಂದು ಅಧ್ಯಯನ ನಡೆಸಲಿ. ಕೆಲವು ಊರುಗಳಲ್ಲಿ ಧನಶಕ್ತಿ ಸಜ್ಜೆ, ಕೆಲವು ಊರುಗಳಲ್ಲಿ ಈಗಿನ ಊಟ. ಮೊದಲೂ ಆರು ತಿಂಗಳ ಮೇಲೂ ಎತ್ತರ, ತೂಕ, ಹಿಮೋಗ್ಲೋಬಿನ್ ನೋಡಲಿ. ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆಯೂ ಇರಲಿ. ಗುಳೆ ಹೋಗುವ ಮನೆಗಳ ಮಕ್ಕಳನ್ನು ಲೆಕ್ಕದಿಂದ ಬಿಡಬಾರದು, ಕೊರತೆ ಜಾಸ್ತಿ ಕಾಣುವುದು ಅವರಲ್ಲೇ. ದುಡ್ಡಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಬೀಜವನ್ನು ನೀರಾವರಿ ಇಲ್ಲದ ಹೊಲದವರಿಗೆ ಕೊಟ್ಟು, ಬೆಳೆದ ಸಜ್ಜೆಯನ್ನು ಅಂಗನವಾಡಿಗೇ ಕೊಳ್ಳುವ ಭರವಸೆ ಕೊಟ್ಟರೆ ಬೆಳೆಯಲು ರೈತರು ಹಿಂದೆ ಮುಂದೆ ನೋಡುವುದಿಲ್ಲ.

ಇಂಥ ಅಧ್ಯಯನಕ್ಕೆ ನಮ್ಮ ಊರನ್ನು ಆರಿಸಿದರೆ, ಅದು ಮುಗಿಯುವವರೆಗೆ ನಮ್ಮ ಅಂಗನವಾಡಿಯ ಸಜ್ಜೆಯನ್ನು ವಾರವಾರ ಕೂಲಿ ಇಲ್ಲದೆ ಬೀಸಿಕೊಡುತ್ತೇನೆ.

ಹಿಟ್ಟಿನ ಗಿರಣಿ ನಡೆಸುವ ಓದುಗಿ,
ಸುರಪುರ ತಾಲ್ಲೂಕು, ಯಾದಗಿರಿ ಜಿಲ್ಲೆ