‘ಹಸಿವಿಲ್ಲ’ ಎಂದು ಬರೆದ ಮೊಮ್ಮಗಳಿಗೆ

ಜಮಖಂಡಿ

ಚಿರಂಜೀವಿ ಮೊಮ್ಮಗಳಿಗೆ ನಿನ್ನ ಅಜ್ಜ ಮಾಡುವ ಅನೇಕ ಆಶೀರ್ವಾದಗಳು.

ಒಸಾಕಾದಿಂದ ನೀನು ಬರೆದ ಪತ್ರ ತಲುಪಿತು. ಕಚೇರಿ, ಕೋಣೆ, ಅಲ್ಲಿಯ ಚಳಿ ಇವುಗಳ ವಿಷಯವನ್ನು ನಿನ್ನ ಅಪ್ಪನಿಗೆ ಓದಿ ಹೇಳಿದ್ದೇನೆ. ಅದಕ್ಕೆ ಉತ್ತರವನ್ನು ಅವನೇ ಬರೆಯುತ್ತಾನೆ. ನೀನು ಹಾಲು, ಮೊಸರು, ತುಪ್ಪ ಬಿಟ್ಟ ಕಾರಣ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದರಿಂದ ಆ ಮಾತನ್ನು ನಾನು ಎತ್ತುವುದಿಲ್ಲ. ನನ್ನ ನಿದ್ದೆ ಕೆಡಿಸಿದ್ದು ಮೂರನೆಯ ಪುಟದ ಕೊನೆಯಲ್ಲಿ ನೀನು ಬರೆದ ಒಂದು ಸಾಲು. ಸೋಯಾಕಾಳಿನ ಸಾರೆಂದು ನಂಬಿ ನಾಲ್ಕು ದಿನ ಕುಡಿದ ಮಿಸೊ ಸಾರಿನಲ್ಲಿ ಮೀನಿನ ರಸವಿದೆಯೆಂದು ಐದನೆಯ ದಿನ ತಿಳಿಯಿತು, ಅಂದು ಸಂಜೆ ಜೊತೆಯವರು ಊಟಕ್ಕೆ ಕರೆದಾಗ ‘ನನಗೆ ಹಸಿವಿಲ್ಲ’ ಎಂದು ಹೇಳಿ ಕೋಣೆಗೆ ಬಂದು ಎರಡು ಬಾಳೆಹಣ್ಣು ತಿಂದು ಮಲಗಿದೆ, ಈಗ ಅದೇ ರೂಢಿಯಾಗಿದೆ, ಕೇಳಿದರೆ ಉಳಿದವರಿಗೆ ತೊಂದರೆ ಎಂದು ಬರೆದಿರುವೆ.

ಮೀನಿನ ರಸ ಅರಿಯದೆ ಹೊಟ್ಟೆಗೆ ಹೋದದ್ದಕ್ಕೆ ನೀನು ನೊಂದಿರುವೆ. ಆ ನೋವು ನನಗೆ ಅರ್ಥವಾಗುತ್ತದೆ, ಆದರೆ ನನ್ನ ಅಂಜಿಕೆ ಅದರದಲ್ಲ. ‘ನನಗೆ ಹಸಿವಿಲ್ಲ’ ಎಂಬ ಆ ಎರಡು ಪದಗಳನ್ನು ಇದೇ ರೀತಿ, ಇದೇ ಕಾರಣಕ್ಕೆ, ಪರದೇಶದ ಒಂದು ಕೋಣೆಯಲ್ಲಿ ಕುಳಿತು ಹೇಳುತ್ತಿದ್ದವಳನ್ನು ನಾನು ಕಂಡಿದ್ದೇನೆ. ಅವಳು ನನ್ನ ಹೆಂಡತಿ, ನಿನ್ನ ಆಯಿ.

ಇಥಿಯೋಪಿಯಾ ಸರಕಾರ ನಮ್ಮ ದೇಶದಿಂದ ಶಿಕ್ಷಕರನ್ನು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ, 1972ರಲ್ಲಿ, ನಾನು ಗೊಂದರ್ ಎಂಬ ಊರಿಗೆ ಗಣಿತ ಕಲಿಸಲು ಹೋದದ್ದು ನಿನಗೆ ಗೊತ್ತು. ಮನೆ ಸಿಗುವವರೆಗೆ ಐದು ವಾರ ಒಂದು ವಸತಿಗೃಹದಲ್ಲಿ ಇದ್ದೆವು ಎಂಬುದನ್ನು ಮಾತ್ರ ನಾನು ಯಾರಿಗೂ ಬಿಡಿಸಿ ಹೇಳಿಲ್ಲ. ಅಲ್ಲಿ ಅಡುಗೆ ಮಾಡಿಕೊಳ್ಳಲು ಒಲೆ ಇರಲಿಲ್ಲ. ಬಂದ ಮೊದಲ ದಿನವೇ ಒಂದು ದೊಡ್ಡ ತಟ್ಟೆಯಲ್ಲಿ ಮಾಂಸದ ಪಕ್ಕದಲ್ಲಿಯೇ ಕಾಳಿನ ಪಲ್ಯವನ್ನೂ ಇಟ್ಟು ತಂದುದನ್ನು ಕಂಡ ನಿನ್ನ ಆಯಿ, ಆ ಅಡುಗೆಮನೆಯಿಂದ ಬರುವ ಯಾವುದನ್ನೂ ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲಿ ಕಟ್ಟಿಕೊಂಡಳು. ಬ್ರೆಡ್, ಹಾಲಿಲ್ಲದ ಚಹಾ, ಬಾಳೆಹಣ್ಣು. ನಾನು ಸಂಜೆ ಶಾಲೆಯಿಂದ ಬಂದು ‘ಊಟ ಆಯಿತೇ’ ಎಂದು ಕೇಳಿದರೆ ‘ನನಗೆ ಹಸಿವಿಲ್ಲ’ ಎನ್ನುತ್ತಿದ್ದಳು, ನಾನು ಅದನ್ನು ನಂಬುತ್ತಿದ್ದೆ. ನಿಜ ಹೇಳಬೇಕೆಂದರೆ, ನಂಬುವುದು ನನಗೆ ಅನುಕೂಲವಾಗಿತ್ತು. ಹೊಸ ಊರಿನಲ್ಲಿ, ಭಾರತದಿಂದ ಬಂದ ಶಿಕ್ಷಕರು ಊಟದ ವಿಷಯದಲ್ಲಿ ತಕರಾರಿನವರು ಎಂಬ ಮಾತು ಬರಬಾರದೆಂಬ ಸಂಕೋಚ ನನ್ನಲ್ಲಿತ್ತು. ಐದನೆಯ ವಾರದ ಒಂದು ಬುಧವಾರ ಅವಳು ಮೆಟ್ಟಿಲ ಮೇಲೆ ತಲೆಸುತ್ತಿ ಬಿದ್ದಳು.

ಎತ್ತಿ ಕೂಡಿಸಿದವಳು ಆ ಮನೆಯ ಯಜಮಾನಿ. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುತ್ತಿರಲಿಲ್ಲ. ಆ ಹೆಣ್ಣುಮಗಳು ಒಳಗೆ ಹೋಗಿ, ತೆಫ್ ಎಂಬ ಸಣ್ಣ ಕಾಳಿನ ಹಿಟ್ಟನ್ನು ಹುದುಗಿಸಿ ಹುಯ್ದ ಅಗಲವಾದ ಇಂಜೆರಾ ಮತ್ತು ಅದರ ಮೇಲೆ ಶಿರೋ ಹಾಕಿ ತಂದು, ಎದೆಯ ಮೇಲೆ ಕೈಯಿಟ್ಟುಕೊಂಡು ‘ತ್ಸೋಮ್, ತ್ಸೋಮ್’ ಎಂದು ಮತ್ತೆ ಮತ್ತೆ ಹೇಳಿದಳು. ತ್ಸೋಮ್ ಎಂದರೆ ಉಪವಾಸ. ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರು ಪ್ರತಿ ಬುಧವಾರ ಮತ್ತು ಶುಕ್ರವಾರ, ಈಸ್ಟರಿಗೆ ಮುಂಚೆ ಸತತವಾಗಿ 55 ದಿನ, ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಒಂದನ್ನೂ ಮುಟ್ಟುವುದಿಲ್ಲ ಎಂಬುದು ನನಗೆ ತಿಳಿದದ್ದು ಅಂದು. ಶಿರೋ ಎಂದರೆ ಕಾಳಿನ ಹಿಟ್ಟನ್ನು ಖಾರದೊಂದಿಗೆ ಕುದಿಸಿದ್ದು. ನಮ್ಮ ಜುಣಕವನ್ನು ಸ್ವಲ್ಪ ತೆಳ್ಳಗೆ ಮಾಡಿದರೆ ಹೇಗಿರುತ್ತದೆಯೋ ಹಾಗೆ. ನಿನ್ನ ಆಯಿ ಒಂದು ತುತ್ತು ಬಾಯಿಗಿಟ್ಟುಕೊಂಡು ಅತ್ತಳು. ಅಷ್ಟರೊಳಗೆ ಎಂಟೊಂಬತ್ತು ಬುಧವಾರ ಶುಕ್ರವಾರಗಳು ಕಳೆದುಹೋಗಿದ್ದವು. ನೀನು ಇಂದು ಹುಡುಕುತ್ತಿರುವ ಊಟ, ಹಾಲಿನ ಹನಿಯೂ ಇಲ್ಲದ ಊಟ, ಅವಳಿದ್ದ ಕೋಣೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ವಾರಕ್ಕೆ ಎರಡು ಸಲ ಬೇಯುತ್ತಿತ್ತು. ನಾನು ಒಂದು ಸಲ ಬಾಯಿ ಬಿಟ್ಟು ಕೇಳಿದ್ದರೆ ಸಾಕಾಗಿತ್ತು. ಆ ವರ್ಷದ ಮುಂದಿನ ಕಥೆ ಮನೆಯವರಿಗೆ ಗೊತ್ತು, ಅದನ್ನು ಬರೆಯಲು ನನ್ನ ಕೈ ಏಳುವುದಿಲ್ಲ.

ಆಮೇಲೆ ನಿನ್ನ ಆಯಿ ಮತ್ತು ಆ ಯಜಮಾನಿ ಅಕ್ಕತಂಗಿಯರಂತಾದರು. ನಾವು ಗುರೆಳ್ಳು ಎನ್ನುವುದನ್ನು ಅವರು ನೂಗ್ ಎಂದು ಕರೆದು ಎಣ್ಣೆ ತೆಗೆಯುತ್ತಾರೆ. ಅದರ ಮೂಲ ಆ ದೇಶವೇ, ವಿಜ್ಞಾನಿಗಳು ಇಟ್ಟ ಹೆಸರಿನಲ್ಲಿಯೂ ಅಬಿಸೀನಿಯಾ ಎಂಬ ಆ ದೇಶದ ಹಳೆಯ ಹೆಸರು ಸೇರಿಕೊಂಡಿದೆ. ಅಗಸಿಯನ್ನು ಹುರಿದು ಕುಟ್ಟಿ ನೀರಿನಲ್ಲಿ ಕಲಸಿ ಉಪವಾಸದ ದಿನಗಳಲ್ಲಿ ಕುಡಿಯುತ್ತಾರೆ. ಕುಸುಬಿಯನ್ನು ಅರೆದು ಹಾಲು ತೆಗೆಯುತ್ತಾರೆ, ನಮ್ಮಲ್ಲಿ ಕುಸುಬಿ ಹುಗ್ಗಿಗೆ ತೆಗೆಯುವಂತೆಯೇ. ನಾವು ದಿನವೂ ಬಡಿಯುವ ಜೋಳದ ಹುಟ್ಟೂರು ಕೂಡ ಆಫ್ರಿಕದ ಆ ಭಾಗವೇ ಎಂದು ಆಮೇಲೆ ಓದಿದೆ. ಇಷ್ಟೆಲ್ಲ ನಮ್ಮದೇ ಎನ್ನಬಹುದಾದ ಕಾಳುಕಡಿಗಳ ನಡುವೆ ಅವಳು ಐದು ವಾರ ಹಸಿದಿದ್ದಳು.

ಮೂರು ದಿನದಿಂದ ನಾನು ಯೋಚಿಸುತ್ತಿರುವುದು, ಕೇಳುವುದು ನಮಗೇಕೆ ಇಷ್ಟು ಕಷ್ಟ ಎಂದು. ಚಿಕ್ಕವಳಿದ್ದಾಗ ನಿನ್ನನ್ನು ಬಾದಾಮಿಯ ಬನಶಂಕರಿಗೆ ಕರೆದುಕೊಂಡು ಹೋಗಿದ್ದೆ. ಹೊಂಡದ ಹತ್ತಿರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಹಿಂಡಿ ತುಂಬಿಕೊಂಡು ‘ಊಟ ಮಾಡ ಬರ್ರಿ’ ಎಂದು ಹೋಗುವವರನ್ನೆಲ್ಲ ಕರೆಯುತ್ತಿದ್ದುದು ನಿನಗೆ ನೆನಪಿರಬೇಕು. ನಮ್ಮ ಕಡೆ ಉಣಿಸುವವರೇ ಮೊದಲು ಕೇಳುತ್ತಾರೆ. ಮೊದಲ ಸಲ ‘ಬ್ಯಾಡ್ರಿ’ ಎನ್ನುವುದು ನಮ್ಮ ಸಂಸ್ಕಾರ, ಅದನ್ನು ನಂಬದೆ ಇನ್ನೆರಡು ಸಲ ಒತ್ತಾಯ ಮಾಡುವುದು ಮನೆಯವರ ಸಂಸ್ಕಾರ. ಹೀಗೆ ಬೆಳೆದ ನಾವು ಹೊರದೇಶಕ್ಕೆ ಹೋದಾಗಲೂ ಮೊದಲ ಸಲ ಬೇಡವೆನ್ನುತ್ತೇವೆ. ಅಲ್ಲಿಯವರು ನಮ್ಮ ಮಾತಿಗೆ ಮರ್ಯಾದೆ ಕೊಟ್ಟು ಅದನ್ನು ನಿಜವೆಂದೇ ಒಪ್ಪಿಕೊಳ್ಳುತ್ತಾರೆ. ನಿನ್ನ ಜೊತೆಯವರು ನಿನ್ನನ್ನು ಬಿಟ್ಟು ಉಣ್ಣಲು ಹೋಗುತ್ತಿರುವುದು ಒರಟುತನದಿಂದ ಎಂದು ನನಗೆ ಅನ್ನಿಸುವುದಿಲ್ಲ. ನಿನಗೆ ಹಸಿವಿಲ್ಲ ಎಂದು ಅವರು ನಂಬಿರಬೇಕು.

ಇನ್ನೊಂದು ಮಾತು ಬರೆಯದಿದ್ದರೆ ಈ ಪತ್ರ ಅಪ್ರಾಮಾಣಿಕವಾಗುತ್ತದೆ. ಕಳೆದ ದೀಪಾವಳಿಗೆ ನೀನು ಊರಿಗೆ ಬಂದಾಗ, ಒಂದು ದಿನಕ್ಕೆ ಏನಾಗುತ್ತದೆ ಎಂದು ಹೇಳಿ ತುಪ್ಪ ಹಾಕಿದ ಹೋಳಿಗೆಯನ್ನು ನಿನ್ನ ತಾಟಿಗೆ ಬಡಿಸಿದವನು ನಾನು. ನೀನು ಸಿಟ್ಟಾಗಲಿಲ್ಲ. ‘ಹಸಿವಿಲ್ಲ ಅಜ್ಜ’ ಎಂದು ಹೇಳಿ ಎದ್ದುಹೋದೆ. ನಿನ್ನ ಪತ್ರ ಓದಿದ ರಾತ್ರಿ ಆ ತಾಟು ನನ್ನ ಕಣ್ಣ ಮುಂದೆ ಬಂತು. ಈ ಮಾತನ್ನು ನೀನು ಜಪಾನಿನಲ್ಲಿ ಕಲಿಯಲಿಲ್ಲ, ನನ್ನ ಮನೆಯಲ್ಲಿ, ನನ್ನ ಕೈಯಿಂದಲೇ ಕಲಿತೆ ಎಂಬ ವಿಚಾರ ನನ್ನನ್ನು ಬಿಡುತ್ತಿಲ್ಲ. ಅದಕ್ಕಾಗಿ ನನ್ನನ್ನು ಕ್ಷಮಿಸು.

ಎಂದೂ ಜಪಾನ್ ನೋಡದ ನಾನು ಅಲ್ಲಿಯ ಊಟದ ಬಗ್ಗೆ ನಿನಗೆ ಹೇಳಹೊರಡುವುದು ಸರಿಯಲ್ಲವೇನೋ, ಆದರೂ ಈ ಮೂರು ದಿನ ಹುಡುಕಿ ಓದಿದ್ದನ್ನು ಬರೆಯುತ್ತೇನೆ, ಬೇಕಾದ್ದನ್ನು ಇಟ್ಟುಕೊ. ನಿನ್ನನ್ನು ಮೋಸಗೊಳಿಸಿದ್ದು ದಾಶಿ ಎಂಬ ರಸ. ಒಣಗಿಸಿ ಹೊಗೆಯಾಡಿಸಿದ ಮೀನನ್ನು ತೆಳ್ಳಗೆ ಹೆರೆದು ಅದನ್ನು ತೆಗೆಯುತ್ತಾರೆ, ಸಾರಿಗೂ ತರಕಾರಿಗೂ ಅದೇ ಬುನಾದಿ. ಆದರೆ ಕೊಂಬು ಎಂಬ ಕಡಲಪಾಚಿಯಿಂದ, ಒಣ ಅಣಬೆಯಿಂದ ತೆಗೆದ ದಾಶಿಯೂ ಅವರಲ್ಲೇ ಇದೆ. ಬೌದ್ಧ ಮಠಗಳ ಶೋಜಿನ್ ಅಡುಗೆ ನಡೆಯುವುದೇ ಅದರ ಮೇಲೆ. ಒಸಾಕಾದಿಂದ ರೈಲಿನಲ್ಲಿ ಹೋಗಬಹುದಾದ ಕೋಯಾ ಬೆಟ್ಟವನ್ನು ಕೂಕಾಯ್ ಎಂಬ ಸನ್ಯಾಸಿ 816ರಲ್ಲಿ ಅರಸನಿಂದ ಪಡೆದನಂತೆ, ಇಂದಿಗೂ ಅಲ್ಲಿಯ ಮಠಗಳಲ್ಲಿ ಯಾತ್ರಿಕರಿಗೆ ತಂಗಲು ಕೋಣೆ ಕೊಟ್ಟು ಅದೇ ಊಟ ಬಡಿಸುತ್ತಾರೆ. ಒಂದು ರವಿವಾರ ಹೋಗಿ ಬಾ. ಅಲ್ಲಿ ಕೂಡ ಕೇಳಿಯೇ ಉಣ್ಣು.

‘ಸಸ್ಯಾಹಾರಿ’ ಎಂಬ ಒಂದು ಪದ ಸಾಕಾಗುವುದಿಲ್ಲ. ಮೀನನ್ನು ಮಾಂಸವೆಂದು ಎಣಿಸದವರು ಅಲ್ಲಿ ಬಹಳ ಜನ ಇದ್ದಾರೆ, ನಮ್ಮಲ್ಲಿ ಹಸಿರು ಚುಕ್ಕೆಯ ಪೊಟ್ಟಣದಲ್ಲಿ ಹಾಲಿನ ಪುಡಿ ಇರಬಹುದಾದ ಹಾಗೆ. ಮಾಂಸ, ಮೀನು, ಮೀನಿನ ದಾಶಿ, ಮೊಟ್ಟೆ, ಹಾಲು, ಬೆಣ್ಣೆ, ಜೇನು, ಇವು ಏಳೂ ಬೇಡವೆಂದು ಒಂದೊಂದನ್ನೇ ಅವರ ಲಿಪಿಯಲ್ಲಿ ಕಚೇರಿಯ ಯಾರಿಂದಲಾದರೂ ಒಂದು ಕಾಗದದ ಮೇಲೆ ಬರೆಸಿಕೊ. ಹೀಗೆ ಬರೆಸಿಕೊಳ್ಳುವಾಗಲೇ ಆ ಒಬ್ಬರಿಗಾದರೂ ನಿನ್ನ ಹಸಿವಿನ ವಿಷಯ ತಿಳಿದುಬಿಡುತ್ತದೆ. ನನಗೆ ಬೇಕಾಗಿರುವುದು ನಿಜವಾಗಿ ಅದು. ಅಂಗಡಿಯ ಪೊಟ್ಟಣಗಳ ಮೇಲೆ ಹಾಲು, ಮೊಟ್ಟೆ ಇದ್ದರೆ ಅಲರ್ಜಿಯ ಕಾರಣಕ್ಕೆ ಎತ್ತಿ ಹೇಳಲೇಬೇಕೆಂಬ ಕಾನೂನು ಜಪಾನಿನಲ್ಲಿದೆ, ಆದರೆ ಮೀನಿಗೆ ಆ ಕಡ್ಡಾಯವಿಲ್ಲದ ಕಾರಣ ಉಳಿದ ಪಟ್ಟಿಯನ್ನೂ ಓದಿಸಿಕೊಳ್ಳಬೇಕಾಗುತ್ತದೆ.

ಮುಂದಿನ ತಿಂಗಳು ಹನೋಯ್‌ಗೆ, ಅಲ್ಲಿಂದ ಬ್ಯಾಂಕಾಕಿಗೆ ಹೋಗುವುದಿದೆ ಎಂದು ಬರೆದಿರುವೆ. ವಿಮಾನದ ಟಿಕೆಟಿನಲ್ಲಿ ‘ಹಿಂದೂ ಊಟ’ ಎಂದು ಬರೆಸಬೇಡ, ಅದರಲ್ಲಿ ಮಾಂಸ, ಮೀನು, ಹಾಲಿನ ಪದಾರ್ಥ ಬರಬಹುದು, ವಿ.ಜಿ.ಎಂ.ಎಲ್. ಎಂಬ ಸಂಕೇತದ್ದು ಹಾಲಿಲ್ಲದ ಊಟ, ಹೊರಡುವ ಒಂದು ದಿನಕ್ಕೂ ಮೊದಲೇ ಹೇಳಿರಬೇಕು. ಎರಡೂ ದೇಶಗಳಲ್ಲಿ ಮೀನಿನ ರಸವನ್ನು ನಾವು ಉಪ್ಪು ಹಾಕಿದಷ್ಟು ಸಹಜವಾಗಿ ಹಾಕುತ್ತಾರೆ. ಥಾಯ್ಲೆಂಡಿನಲ್ಲಿ ಹಳದಿ ಬಟ್ಟೆಯ ಮೇಲೆ ಕೆಂಪಕ್ಷರದಲ್ಲಿ ಬರೆದ ‘ಜೇ’ ಎಂಬ ಗುರುತು ಇರುವ ಅಂಗಡಿಯಲ್ಲಿ ಮೀನು, ಮೊಟ್ಟೆ, ಹಾಲು ಇರುವುದಿಲ್ಲ, ಉಳ್ಳಾಗಡ್ಡಿ ಬೆಳ್ಳುಳ್ಳಿಯೂ ಇರುವುದಿಲ್ಲ. ವಿಯೆಟ್ನಾಮಿನ ಪದ ‘ಚಾಯ್’. ನಮ್ಮ ಚಹಾ ಎಂದು ತಿಳಿಯಬೇಡ, ಅದು ಬೌದ್ಧರ ವ್ರತದ ಊಟದ ಹೆಸರು.

ನಿನ್ನ ಅವ್ವ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಕಟ್ಟಿ ಕಳಿಸುತ್ತಿದ್ದಾಳೆ. ಮೊಸರಿನ ಬದಲು ಶೇಂಗಾ ಎಣ್ಣೆ ಹಾಕಿಕೊಂಡು ತಿನ್ನು. ಆದರೆ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ತಿನ್ನಲಿ ಎಂದು ಅದನ್ನು ಕಳಿಸುತ್ತಿಲ್ಲ. ಜೊತೆಯವರು ಉಣ್ಣುವ ಮೇಜಿಗೆ ಒಯ್ದು ಅವರಿಗೂ ಕೊಡು. ಬಿ12 ಗುಳಿಗೆಯನ್ನು ಮರೆಯಬೇಡ. ಕಾಳಿನಲ್ಲೂ ಸೊಪ್ಪಿನಲ್ಲೂ ಅದು ಸಿಗುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ನೀನೇ ನನಗೆ ತಿಳಿಸಿದ್ದೆ.

ವಿಯೆಟ್ನಾಮಿನ ಜನರಲ್ಲಿ ಬಹಳ ಮಂದಿ ಚಾಂದ್ರಮಾನದ ತಿಂಗಳಿನ ಮೊದಲ ದಿನ ಮತ್ತು ಹದಿನೈದನೆಯ ದಿನ ಚಾಯ್ ಊಟ ಮಾಡುತ್ತಾರಂತೆ. ಎಂದರೆ ನಮ್ಮ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸು. ನೀನು ಹನೋಯ್‌ನಲ್ಲಿರುವ ದಿನಗಳಲ್ಲಿ ಒಂದು ಹುಣ್ಣಿಮೆ ಬರುತ್ತದೆ, ಗೋಡೆಯ ಕ್ಯಾಲೆಂಡರಿನಲ್ಲಿ ಅದಕ್ಕೆ ಕೆಂಪು ಶಾಯಿಯಿಂದ ಗುರುತು ಹಾಕಿದ್ದೇನೆ. ಅಂದು ಜೊತೆಗೆ ಒಬ್ಬರನ್ನಾದರೂ ಕರೆದುಕೊಂಡು ಗುಡಿಯ ಹತ್ತಿರದ ಬೀದಿಗೆ ಹೋಗು, ಒಲೆಯ ಮುಂದೆ ಕುಳಿತವರನ್ನು ಕೇಳು, ಕುಳಿತು ಉಣ್ಣು. ಏನೇನು ಉಂಡೆ ಎಂಬುದನ್ನು ಅದೇ ರಾತ್ರಿ ನನಗೆ ಬರೆ.

ಇಂತು ನಿನ್ನ
ಅಜ್ಜ