ಬಸದಿ ದಾರಿಯ ಫಲಕ ಬರೆದವರು ಯಾರು?

ಮಾನ್ಯ ಸಂಪಾದಕರೇ,

ಬಸದಿ ದಾರಿಯ ಹೊಸ ಫಲಕದ ಉದ್ಘಾಟನೆಯನ್ನು ಫೋಟೊ ಸಮೇತ ಪ್ರಕಟಿಸಿದ್ದೀರಿ. ಫೋಟೊದಲ್ಲಿ ನಗುತ್ತಿರುವ ಗಣ್ಯರಲ್ಲಿ ಒಬ್ಬರಾದರೂ ಅದನ್ನು ಓದಿದ್ದಾರೆಯೇ? ಮಲಯಾಳದಿಂದ ಇಳಿಸಿದ ಆ ಕನ್ನಡದ ಪ್ರಕಾರ ಜೈನರ ಆತ್ಮ ‘ದೇವರ ಕೃಪೆಯಿಂದ ಮೋಚನ ಸಿಕ್ಕಿ ದೇವರಲ್ಲಿ ಲಯಿಸುತ್ತದೆ’!

ಭಾನುವಾರ ಮಗನ ಆಫೀಸಿನವರನ್ನು ಬಸದಿಗೆ ಕರೆದೊಯ್ದಿದ್ದೆ. ಜಡಿಮಳೆ, ನಾಲ್ಕು ಮಂದಿಗೆ ಒಂದೇ ಕೊಡೆ. ಫಲಕ ಓದಿದ ಹುಡುಗನೊಬ್ಬ ‘ಹಾಗಾದರೆ ನಿಮಗೂ ನಮಗೂ ವ್ಯತ್ಯಾಸ ಏನು ಅಂಕಲ್?’ ಎಂದ. ಕೆಸರಿನಲ್ಲಿ ಅರ್ಧ ಗಂಟೆ ನಿಂತು ಹೇಳಬೇಕಾಯಿತು. ಕೃಪೆ ಮಾಡಿ ಮೋಕ್ಷ ಕೊಡುವ ದೇವರು ನಮ್ಮಲ್ಲಿಲ್ಲ. ತೀರ್ಥಂಕರರು ದಾರಿ ತೋರಿಸಿಯಾರು, ನಡೆಯಬೇಕಾದವರು ನಾವೇ. ಕರ್ಮವೆಂದರೆ ಹಣೆಬರಹವಲ್ಲ, ಎಣ್ಣೆ ಮೈಗೆ ಧೂಳು ಹಿಡಿದಂತೆ ರಾಗದ್ವೇಷದ ಜಿಗುಟಿಗೆ ಜೀವಕ್ಕೆ ಅಂಟುವ ಸೂಕ್ಷ್ಮ ಪುದ್ಗಲ, ಅಂದರೆ ಜಡವಸ್ತು. ಹೊಸದು ಒಳಬಾರದಂತೆ ತಡೆಯುವುದು ಸಂವರ, ಹಳೆಯದನ್ನು ತಪಸ್ಸಿನಿಂದ ಉದುರಿಸುವುದು ನಿರ್ಜರೆ. ಎಂಟೂ ಬಗೆಯ ಕರ್ಮ ಕಳೆದ ಜೀವ ಲೋಕದ ತುದಿಗೇರಿ ಸಿದ್ಧನಾಗಿ ನೆಲೆಸುತ್ತದೆ. ಯಾರಲ್ಲೂ ಕರಗುವುದಿಲ್ಲ. ದೀಪಾವಳಿಗೆ ನಾವು ಮಹಾವೀರ ಸ್ವಾಮಿಯ ನಿರ್ವಾಣ ಪೂಜೆ ಮಾಡುವುದನ್ನು ಊರೆಲ್ಲ ನೋಡಿದೆ. ಬಸದಿಯ ಇಂದ್ರರನ್ನು (ಪುರೋಹಿತರನ್ನು) ಕೇಳಿದ್ದರೆ ಚಾ ಆರುವುದರೊಳಗೆ ಹೇಳಿಬಿಡುತ್ತಿದ್ದರು.

ಸೋಮವಾರ ಎರಡು ಬಸ್ ಹಿಡಿದು, ಮೂರು ಮಹಡಿ ಹತ್ತಿ ಸರಕಾರಿ ಕಚೇರಿಗೆ ದೂರು ಕೊಡಲು ಹೋದೆ. ‘ಸಾರ್ ಇಲ್ಲ, ನಾಳೆ ವಾ.’ ಕನ್ನಡದಲ್ಲಿ ಬರೆದುಕೊಟ್ಟರೆ ಮಲಯಾಳದಲ್ಲಿ ಉತ್ತರ ಬರುವುದು ಹೇಗೂ ಅಭ್ಯಾಸವಾಗಿದೆ. ಕನ್ನಡಿಗರಿಗೆ ಕನ್ನಡದಲ್ಲೇ ಉತ್ತರ ಕೊಡಬೇಕೆಂದ ಕೇರಳದ 1969ರ ಭಾಷಾ ಕಾನೂನು ಮಾಡಿದ್ದು ಕಪಾಟಿನಲ್ಲಿಡಲಿಕ್ಕೆ ತಾನೇ?

ಇವರ ವೇಗದ ಬಗ್ಗೆಯೂ ಒಂದು ಮಾತು. ದೇಹ ಬಿಟ್ಟ ಸಂಸಾರಿ ಜೀವ, ಅಂದರೆ ಇನ್ನೂ ಮೋಕ್ಷ ಸಿಗದ ಜೀವ, ಹೊಸ ಜನ್ಮದ ಜಾಗ ಸೇರಲು ನಾಲ್ಕು ‘ಸಮಯ’ ಮೀರುವುದಿಲ್ಲ ಎನ್ನುತ್ತದೆ ನಮ್ಮ ತತ್ತ್ವಾರ್ಥಸೂತ್ರ ಗ್ರಂಥ. ಸಮಯವೆಂದರೆ ಕಣ್ಣೆವೆ ಬಡಿಯುವುದಕ್ಕಿಂತ ಎಷ್ಟೋ ಸಣ್ಣದು. ಆದರೆ ತೀರಿಹೋದ ಅಪ್ಪನ ಅಡಿಕೆ ತೋಟ ನನ್ನ ಹೆಸರಿಗೆ ಬರಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಅಪ್ಪ ಇನ್ನೆಲ್ಲೋ ಹುಟ್ಟಿ ಅಂಬೆಗಾಲಿಕ್ಕುತ್ತಿದ್ದರೋ ಏನೋ, ಇಲ್ಲಿ ಮಾತ್ರ ಅವರ ಮರಣ ಪತ್ರದಲ್ಲಿ ಇನಿಶಿಯಲ್ ತಪ್ಪಿದೆಯೆಂದು ನನ್ನನ್ನು ಓಡಾಡಿಸಿದರು.

ಫಲಕವನ್ನು ಕೂಡಲೇ ತಿದ್ದಿಸಬೇಕು. ಆಗದಿದ್ದರೆ ಕಿತ್ತು ಹಾಕಲಿ. ಕನ್ನಡ ಬಲ್ಲ ಒಬ್ಬರನ್ನಾದರೂ ಆ ಕುರ್ಚಿಯಲ್ಲಿ ಕೂರಿಸಲಿ. ಇದ್ಯಾವುದೂ ಕೈಲಾಗದಿದ್ದರೆ ಆ ಫಲಕದ ಕಂಬಕ್ಕೆ ಒಂದು ಬಲ್ಬಾದರೂ ಹಾಕಲಿ, ಮಳೆಗಾಲ ಶುರುವಾದಾಗಿನಿಂದ ಕೇಳುತ್ತಿದ್ದೇವೆ.

– ಒಬ್ಬ ಶ್ರಾವಕ, ಮಂಜೇಶ್ವರ