ಸ್ತವ್ರೊವುನಿ ಬೆಟ್ಟ ಹತ್ತುವ ಮುನ್ನ

ಚಿ. ಪ್ರಮೋದನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಸೈಪ್ರಸ್‌ಗೆ ಹೋದಾಗ ಸ್ತವ್ರೊವುನಿ ಮಠ ನೋಡಿ ಬರಬೇಕು ಅಂತಿದ್ದೀಯಂತೆ, ಸಂತೋಷ. ಆದರೆ ಒಂದು ಮಾತನ್ನು ವಾಣಿಗೆ ಇವತ್ತೇ ಹೇಳಿಬಿಡು. ಆ ಮಠದೊಳಗೆ ಹೆಂಗಸರಿಗೆ ಪ್ರವೇಶವಿಲ್ಲ. ಗ್ರೀಸಿನ ಆಥೋಸ್ ಬೆಟ್ಟದ ಸನ್ಯಾಸಿಗಳ ಕಟ್ಟುಪಾಡೇ ಅಲ್ಲಿಯದೂ. ಅಷ್ಟು ದೂರ ಕರೆದೊಯ್ದ ಮೇಲೆ ಬಾಗಿಲಲ್ಲಿ ನಿಂತು ಇದು ಗೊತ್ತಾದರೆ ಅವಳ ಮನಸ್ಸು ನೋಯುತ್ತದೆ. ವಾದಿಸಿದರೂ ಪ್ರಯೋಜನವಿಲ್ಲ. ಗೋಡೆಯ ಹೊರಗೆ, ಕಾರು ನಿಲ್ಲಿಸುವ ಕಡೆ, ಸೈಪ್ರಸ್‌ನ ಸಕಲ ಸಂತರ ಹೆಸರಿನ ಚರ್ಚ್ ಇದೆ. ಅಲ್ಲಿಗೆ ಅವಳೂ ಹೋಗಬಹುದು. ನೀನು ಒಳಗೆ ಅರ್ಧ ಗಂಟೆಯಲ್ಲಿ ಮುಗಿಸಿ ಬಾ, ಅವಳನ್ನು ಬಿಸಿಲಲ್ಲಿ ಕಾಯಿಸಬೇಡ.

ಬೆಟ್ಟ ಸುಮಾರು 700 ಮೀಟರ್ ಎತ್ತರ. ನಿಕೋಸಿಯಾ–ಲಿಮಸ್ಸೋಲ್ ಹೆದ್ದಾರಿಯಿಂದ ತಿರುಗಬೇಕು. ನಮ್ಮಲ್ಲಿಯಂತೆ ಅಲ್ಲೂ ರಸ್ತೆಯ ಎಡಕ್ಕೇ ಓಡಿಸುವುದರಿಂದ ನಿನಗೆ ಕಷ್ಟವಾಗದು. ಕೊನೆಯ ಏರು ಮಾತ್ರ ಹಾವಿನಂತೆ ಸುತ್ತುತ್ತದೆ. ಇಳಿಯುವಾಗ ಬ್ರೇಕನ್ನೇ ತುಳಿಯುತ್ತ ಬಂದರೆ ಅದು ಕಾದು ಹಿಡಿತ ತಪ್ಪುತ್ತದೆ. ಚಾರ್ಮಾಡಿ ಘಾಟಿ ಇಳಿಯುವ ಹಾಗೆ ಎರಡನೇ ಗೇರಿನಲ್ಲೇ ಇಳಿ. ಬಾಡಿಗೆ ಕಾರು ಆಟೊಮ್ಯಾಟಿಕ್ ಆದರೆ ಕಡಿಮೆ ಗೇರಿನಲ್ಲಿ ನಿಲ್ಲಿಸುವುದು ಹೇಗೆಂದು ಕೀಲಿ ಪಡೆಯುವಾಗಲೇ ಕೇಳಿಕೋ.

ಬೆಳಿಗ್ಗೆ 9ಕ್ಕೆ ಮೇಲಿರುವಂತೆ ಹೊರಡು. ಮಧ್ಯಾಹ್ನ 12ಕ್ಕೆ ಬಾಗಿಲು ಹಾಕಿದರೆ ಬೇಸಿಗೆಯಲ್ಲಿ 3, ಚಳಿಗಾಲದಲ್ಲಿ 2ರವರೆಗೆ ತೆಗೆಯುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ. ಹೊರಡುವ ಹಿಂದಿನ ದಿನ ಉಳಿದುಕೊಂಡ ಕಡೆ ವೇಳೆಯನ್ನು ಮತ್ತೊಮ್ಮೆ ವಿಚಾರಿಸು. ಉದ್ದ ಪ್ಯಾಂಟು, ತೋಳಿರುವ ಅಂಗಿ ಹಾಕು. ಚಡ್ಡಿಯಲ್ಲಿ ಹೋದವರನ್ನು ಒಳಗೆ ಬಿಡುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಲೀಟರ್ ನೀರು ಕಾರಿನಲ್ಲಿರಲಿ. ಫೋಟೊ ತೆಗೆಯುವಂತಿಲ್ಲ, ಫೋನು ಜೇಬಿನಿಂದ ಹೊರಗೆ ಬರುವುದೇ ಬೇಡ.

ಚಪ್ಪಲಿ ಬಿಡಬೇಕಿಲ್ಲ, ಟೋಪಿ ಮಾತ್ರ ತೆಗಿ. ಬಾಗಿಲ ಹತ್ತಿರ ಜೇನುಮೇಣದ ತೆಳು ಬತ್ತಿಗಳಿರುತ್ತವೆ. ಪೆಟ್ಟಿಗೆಗೆ ನಾಣ್ಯ ಹಾಕಿ ಒಂದನ್ನು ತೆಗೆದುಕೋ, ಉರಿಯುತ್ತಿರುವ ಇನ್ನೊಂದರಿಂದ ಹೊತ್ತಿಸಿ, ಬುಡವನ್ನು ಮರಳಿಗೆ ಒತ್ತಿ ನೆಟ್ಟಗೆ ನಿಲ್ಲಿಸು. ಸ್ವಲ್ಪ ಹೊತ್ತಿಗೇ ಯಾರಾದರೂ ಬಂದು ಅದನ್ನು ಆರಿಸಿ ತೆಗೆಯಬಹುದು. ಹಿಂದೆ ಬರುವವರ ಬತ್ತಿಗೆ ಜಾಗ ಬೇಕಲ್ಲ, ಅಪಶಕುನವೆಂದು ತಿಳಿಯಬೇಡ. ಮುಂದೆ ಚಿತ್ರಪಟಗಳ ಗೋಡೆ ಕಾಣುತ್ತದೆ. ಅದರ ಆಚೆಗಿನದು ನಮ್ಮ ಗರ್ಭಗುಡಿಯಿದ್ದಂತೆ, ಅಲ್ಲಿಗೆ ಕಾಲಿಡಬಾರದು. ಕೂತರೆ ಕಾಲ ಮೇಲೆ ಕಾಲು ಹಾಕಬೇಡ, ಅಗೌರವವೆಂದು ತಿಳಿಯುತ್ತಾರೆ.

ಸ್ತವ್ರೋಸ್ ಅಂದರೆ ಶಿಲುಬೆ, ವುನೋ ಅಂದರೆ ಬೆಟ್ಟ. ಕಾನ್‌ಸ್ಟಂಟೈನ್ ಚಕ್ರವರ್ತಿಯ ತಾಯಿ ಹೆಲೆನಾ 4ನೇ ಶತಮಾನದಲ್ಲಿ ಜೆರುಸಲೇಮಿನಿಂದ ಮರಳುವಾಗ ಏಸುವಿನ ಶಿಲುಬೆಯ ಒಂದು ಚೂರನ್ನು ಇಲ್ಲಿ ಇಟ್ಟಳೆಂಬುದು ಅವರ ನಂಬಿಕೆ. ಬೆಳ್ಳಿ ಹೊದಿಸಿದ ಶಿಲುಬೆಯೊಳಗೆ ಅದನ್ನು ಕಾಪಾಡಿದ್ದಾರೆ. ಜನ ಮುತ್ತಿಡುತ್ತಾರೆ. ನೀನು ಕೈ ಮುಗಿದು ಸರಿದರೆ ಸಾಕು.

ಇಬ್ಬರೂ ಕೂಡಿಯೇ ನೋಡಬೇಕೆನ್ನಿಸಿದರೆ ಟ್ರೂಡೋಸ್ ಪರ್ವತದ ಕಿಕ್ಕೊಸ್ ಮಠಕ್ಕೆ ಹೋಗಿ, ನನಗಂತೂ ಅದೇ ಒಳ್ಳೆಯದೆನಿಸುತ್ತದೆ. 1,300 ಮೀಟರ್ ಎತ್ತರ, ಘಾಟಿ ದಾರಿ ಉದ್ದ, ಇಡೀ ದಿನ ಮೀಸಲಿಡಬೇಕು. ಅಲ್ಲಿ ಹೆಂಗಸರಿಗೆ ತಡೆಯಿಲ್ಲ, ಭುಜ ಮೊಣಕಾಲು ಮುಚ್ಚಿರಬೇಕಷ್ಟೆ. ಸಂತ ಲೂಕನೇ ಬರೆದನೆಂದು ನಂಬುವ ಮೇರಿಯ ಪಟ ಅಲ್ಲಿದೆ, ಅದರ ಮುಖವನ್ನು ಯಾರಿಗೂ ಕಾಣದಂತೆ ಮುಚ್ಚಿಟ್ಟಿದ್ದಾರೆ. ಯಾವುದಕ್ಕೆ ಹೋಗುವುದೆಂದು ವಾಣಿಯನ್ನೇ ಕೇಳಿ, ಆಮೇಲೆ ಕಾರು ಗೊತ್ತುಮಾಡು.

ಇಂತಿ ನಿನ್ನ ದೊಡ್ಡಪ್ಪ